ನಾಲ್ಕು ಗಂಟೆಯ ಸಿಟ್ಟು

ಸಂಜೆ ನಾಲ್ಕು ದಾಟಿತ್ತು. ಲೆಕ್ಕದ ಪಟ್ಟಿಯಲ್ಲಿ ಒಂದು ಸಾಲು ತಪ್ಪಿದೆ ಅಂತ ಸಹೋದ್ಯೋಗಿಯೊಬ್ಬರು ಮೇಲ್ ಕಳಿಸಿದ್ದರು. ತಪ್ಪು ನನ್ನದೇ. ಆದರೂ ಉರಿದುಬಿದ್ದು ಉತ್ತರ ಬರೆದೆ. ಬರೆಯುವಾಗ ಬೆರಳು ಸಣ್ಣಗೆ ನಡುಗುತ್ತಿತ್ತು, ಅಂಗೈ ಬೆವೆತಿತ್ತು, ಎದೆ ಡವಡವ. ಕೆಲಸದ ಒತ್ತಡ ಅಂದರೆ ಇದೇ ಅಂದುಕೊಂಡೆ. ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದಿದ್ದು ನಾಲ್ಕು ಕಾಫಿ, ಒಂದಿಷ್ಟು ಬಿಸ್ಕತ್ತು ಮಾತ್ರ ಅನ್ನೋದು ಹೊಳೆಯಲೇ ಇಲ್ಲ.

ವಾರಕ್ಕೆ ಮೂರು ಸಲ ಹೀಗಾಗತೊಡಗಿದಾಗ ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರು. ಇದನ್ನು ನೀವೂ ಬಿಡಬೇಡಿ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಾದರೂ ಎದೆ ಹೀಗೇ ಬಡಿಯಬಹುದು. ನನಗೆ ಎರಡೂ ಸರಿಯಿತ್ತು. "ಏನು ತಿಂತೀರಿ, ಯಾವಾಗ ತಿಂತೀರಿ, ಎರಡು ವಾರ ಬರೆದುಕೊಂಡು ಬನ್ನಿ" ಅಂದರು.

ಬರೆದೆ. "11:20, ಕಾಫಿ, ಬಿಸ್ಕತ್ತು 4, ಹುರುಪು. 4:05, ಊಟ ಇನ್ನೂ ಇಲ್ಲ, ಎಲ್ಲರ ಮೇಲೂ ಸಿಟ್ಟು." ಇಂಥವೇ ಸಾಲುಗಳು. ತಮಾಷೆ ಅಂದರೆ, ಕೆಲಸ ಹಗುರವಾಗಿದ್ದ ದಿನವೂ ಊಟ ಬಿಟ್ಟಿದ್ದರೆ ಸಿಟ್ಟು ಬಂದಿತ್ತು. ಕೆಲಸ ರಾಶಿ ಬಿದ್ದಿದ್ದ ದಿನ ಹೊತ್ತಿಗೆ ಸರಿಯಾಗಿ ಉಂಡಿದ್ದರೆ ಅಷ್ಟಾಗಿ ಬಂದಿರಲಿಲ್ಲ.

ಖಾರವಾದ ಮೇಲ್‌ಗೊಂದು, ಖಾಲಿ ಹೊಟ್ಟೆಗೊಂದು ಅಂತ ದೇಹದ ಹತ್ತಿರ ಪೂರ್ತಿ ಬೇರೆ ಬೇರೆ ಹಾರ್ಮೋನ್ ಇಲ್ಲ ನೋಡಿ. ರಕ್ತದ ಸಕ್ಕರೆ ತೀರಾ ಇಳಿದರೆ ಅಡ್ರಿನಲಿನ್, ಕಾರ್ಟಿಸಾಲ್ ಬಂದು ಅದನ್ನು ಮೇಲೆತ್ತುತ್ತವೆ. ಮೂತ್ರಪಿಂಡಗಳ ತಲೆಯ ಮೇಲೆ ಕೂತ ಪುಟ್ಟ ಗ್ರಂಥಿಗಳಿಂದ ಬರುವ ಇವೇ ಎರಡು, ನಾವು ಹೆದರಿದಾಗಲೂ ಬರುತ್ತವೆ. ನಡುಕ, ಎದೆಬಡಿತ ಹೆಚ್ಚಾಗಿ ಅಡ್ರಿನಲಿನ್ನಿನ ಕೆಲಸ. ಅದರ ಮೇಲೆ ನಾನು ಕಾಫಿ ಸುರಿಯುತ್ತಿದ್ದೆ, ಅದೂ ಅಡ್ರಿನಲಿನ್ ಏರಿಸುವಂಥದ್ದೇ.

ಕಾಫಿ ಬಿಡುವುದರಲ್ಲಿ ಮೊದಲು ಎಡವಿದೆ. ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸಿದೆ. ಮರುದಿನ ತಲೆ ಸಿಡಿಯುವಷ್ಟು ನೋವು. ಮೂರನೆಯ ದಿನ ಸೋತು ದೊಡ್ಡ ಲೋಟದ ತುಂಬ ಕುಡಿದೆ. ಆಮೇಲೆ ಬುದ್ಧಿ ಬಂತು. ಮೂರು ದಿನಕ್ಕೆ ಅರ್ಧ ಲೋಟದಂತೆ ಇಳಿಸುತ್ತ ಬಂದೆ. ಈಗ ಎರಡೇ, ಅದೂ ಮಧ್ಯಾಹ್ನ 12ರ ಒಳಗೆ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ನಾಲ್ಕಕ್ಕೆ ಕುಡಿದಿದ್ದು ರಾತ್ರಿ ಒಂಬತ್ತಕ್ಕೂ ಅರ್ಧ ಉಳಿದಿರುತ್ತದೆ. ನಿದ್ದೆ ಕೆಡುತ್ತದೆ, ಬೆಳಿಗ್ಗೆ ಇನ್ನೊಂದು ಲೋಟ ಜಾಸ್ತಿ ಬೇಕಾಗುತ್ತದೆ. ನನ್ನದು ಇದೇ ಗಾಣ.

ತಿಂಡಿಯಲ್ಲಿ ದೊಡ್ಡ ಸಾಹಸವೇನೂ ಮಾಡಲಿಲ್ಲ. ಬೆಳಿಗ್ಗೆ ಎರಡು ಮೊಟ್ಟೆ ಇಲ್ಲವೇ ಬೇಯಿಸಿದ ಕಾಳು, ಜೊತೆಗೊಂದು ಹಣ್ಣು. ಪ್ರೋಟೀನು, ನಾರು ಇದ್ದರೆ ಸಕ್ಕರೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಮಧ್ಯಾಹ್ನ ಒಂದೂವರೆಗೆ ಏನೇ ಇದ್ದರೂ ಎದ್ದು ಉಣ್ಣುವುದು. ಡ್ರಾಯರಿನಲ್ಲಿದ್ದ ಬಿಸ್ಕತ್ತು ಡಬ್ಬಿಯ ಜಾಗಕ್ಕೆ ಕಡಲೆಕಾಯಿ ಬಂತು. ಇದು ಮನೋಬಲದ ಮಾತಲ್ಲ, ಕೈಗೆ ಸಿಕ್ಕಿದ್ದನ್ನು ತಿನ್ನುವವ ನಾನು, ಅಷ್ಟೇ.

ನಡುವೆ ಯಾರೋ ಹೇಳಿದರು ಅಂತ ಮೆಗ್ನೀಸಿಯಂ ಮಾತ್ರೆಯನ್ನೂ ತಂದು ನುಂಗಿದೆ. ಒತ್ತಡದ ಕತೆ ಗೊತ್ತಿಲ್ಲ, ಹೊಟ್ಟೆ ಮಾತ್ರ ಎರಡು ದಿನ ಹರಿಯಿತು. ಮಾತ್ರೆ ಬಿಟ್ಟೆ. ಸೊಪ್ಪು, ಕುಂಬಳಬೀಜದಲ್ಲೂ ಮೆಗ್ನೀಸಿಯಂ ಬೇಕಾದಷ್ಟಿದೆ.

ಮೂರನೆಯ ವಾರಕ್ಕೆ ನಡುಕ ನಿಂತಿತು. ನಿದ್ದೆಗೆ ಇನ್ನೂ ಒಂದೆರಡು ವಾರ ಹಿಡಿಯಿತು. ಕೆಲಸ ಒಂದಿಷ್ಟೂ ಕಡಿಮೆಯಾಗಿಲ್ಲ. ಮೊಟ್ಟೆ ತಿಂದರೆ ಅದು ಹೇಗೆ ಕಡಿಮೆಯಾದೀತು, ಅಲ್ವಾ? ಅದಕ್ಕೆ ಮೇಲಿನವರ ಜೊತೆ ಕೂತು ಬೇರೆಯೇ ಮಾತಾಡಬೇಕಾಯಿತು.

ಸಿಟ್ಟಿನಲ್ಲಿ ಬರೆದ ಮೇಲನ್ನು ಈಗ ತಕ್ಷಣ ಕಳಿಸುವುದಿಲ್ಲ. ಮೊದಲು ಒಂದು ಬಾಳೆಹಣ್ಣು ತಿಂದು, ಅರ್ಧ ಗಂಟೆ ಬಿಟ್ಟು ಮತ್ತೆ ಓದುತ್ತೇನೆ. ಹೆಚ್ಚಿನವನ್ನು ಅಳಿಸಿಬಿಡುತ್ತೇನೆ. ಹೋದ ವಾರ ಮಾತ್ರ ಒಂದನ್ನು ಹಣ್ಣು ತಿಂದ ಮೇಲೂ ಒಂದಕ್ಷರ ಬದಲಿಸದೆ ಕಳಿಸಿದೆ. ಅದು ಹಸಿವಿನ ಸಿಟ್ಟಾಗಿರಲಿಲ್ಲ.