ಪೋಸ್ಟ್‌ಫಿಕ್ಸ್‌ಗೆ ಕಾಯುವುದನ್ನು ಕಲಿಸಿದ್ದು

ನಮ್ಮ ಕಚೇರಿಯ ಮೇಲ್ ಸರ್ವರ್ ಕೂತಿರುವುದು ಅಕೌಂಟ್ಸ್ ರೂಮಿನ ಮೂಲೆಯಲ್ಲಿ. ಡೆಬಿಯನ್ 12 ಲಿನಕ್ಸ್, ಅದರ ಮೇಲೆ ಮೇಲ್ ಕಳಿಸಿ ತರಿಸುವ ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ತೋರಿಸುವ ಡವ್‌ಕಾಟ್, ಡೇಟಾಬೇಸ್ ಮರಿಯಾಡಿಬಿ, ಹೊರಹೋಗುವ ಮೇಲ್‌ಗೆ ಸಹಿ ಹಾಕುವ ಓಪನ್‌ಡಿಕೆಐಎಂ, ವೈರಸ್ ಹುಡುಕುವ ಕ್ಲಾಮ್‌ಎವಿ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಬೆಳಗಿನ ಜಾವ ಕರೆಂಟ್ ಬಂದಾಗ ಸರ್ವರ್ ತಾನೇ ಎದ್ದು ಕೂತಿತು. ಮೇಲ್ ಬರುತ್ತಿತ್ತು, ಹೋಗುತ್ತಿತ್ತು. ಮಧ್ಯಾಹ್ನ ಒಬ್ಬ ಗ್ರಾಹಕರು ಫೋನ್ ಮಾಡಿ, ‘ನಿಮ್ಮ ಕೊಟೇಶನ್ ಸ್ಪ್ಯಾಮ್‌ನಲ್ಲಿ ಬಿದ್ದಿತ್ತಲ್ಲ ಸರ್’ ಅಂದರು. ಆ ಮೇಲ್‌ನ ಹೆಡರ್ ತರಿಸಿ ನೋಡಿದೆ. ಕಳಿಸಿದ ಸರ್ವರ್‌ಗೆ ಅನುಮತಿ ಇದೆಯೇ ಅಂತ ನೋಡುವ ಎಸ್‌ಪಿಎಫ್ ಪಾಸ್. ಮೇಲ್ ನಮ್ಮದೇ ಅಂತ ಸಾರುವ ಡಿಕೆಐಎಂ ಸಹಿ ಮಾತ್ರ ಇಲ್ಲವೇ ಇಲ್ಲ.

ಓಪನ್‌ಡಿಕೆಐಎಂ ಸ್ಟೇಟಸ್ ಕೇಳಿದರೆ ಕೆಂಪಕ್ಷರದಲ್ಲಿ ‘ಫೇಲ್ಡ್’, ಕೆಳಗೆ ‘ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ’. ಬೆಳಗಿನಿಂದ ಅದು ಸತ್ತೇ ಬಿದ್ದಿತ್ತು.

ನಡೆದದ್ದಿಷ್ಟು. ನಮ್ಮ ಡಿಕೆಐಎಂ ಕೀಲಿಗಳ ಪಟ್ಟಿ ಮರಿಯಾಡಿಬಿಯಲ್ಲಿದೆ. ಕರೆಂಟ್ ಹೋಗಿ ದಿಢೀರನೆ ನಿಂತ ಡೇಟಾಬೇಸ್ ಮತ್ತೆ ಏಳುವಾಗ ಅದರೊಳಗಿನ ಸಂಗ್ರಹ ಎಂಜಿನ್ ಇನೋಡಿಬಿ ತನ್ನ ಲಾಗ್ ಓದಿ ದುರಸ್ತಿ ಮಾಡಿಕೊಳ್ಳುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಸರ್ವಿಸ್‌ಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಂಡಿ ಅಷ್ಟರಲ್ಲಿ ಓಪನ್‌ಡಿಕೆಐಎಂ ಅನ್ನೂ ಎಬ್ಬಿಸಿತ್ತು. ಡೇಟಾಬೇಸ್ ಸಿಗದೆ ಅದು ಬಿತ್ತು, ಸಿಸ್ಟಂಡಿ ಮತ್ತೆ ಎಬ್ಬಿಸಿತು, ಮತ್ತೆ ಬಿತ್ತು. ಸಿಸ್ಟಂಡಿಯ ಮಾಮೂಲಿ ಲೆಕ್ಕ 10 ಸೆಕೆಂಡಿನಲ್ಲಿ 5 ಸಲ. ಅಷ್ಟಾದ ಮೇಲೆ ಕೈಬಿಡುತ್ತದೆ. ನಾನು ಎಷ್ಟೋ ಸಲ ಇದೇ ಸರ್ವರನ್ನು ರೀಬೂಟ್ ಮಾಡಿದ್ದೇನೆ, ಒಮ್ಮೆಯೂ ಹೀಗಾಗಿರಲಿಲ್ಲ. ನಾವು ಮಾಡುವ ರೀಬೂಟ್‌ನಲ್ಲಿ ಡೇಟಾಬೇಸ್ ನೀಟಾಗಿ ಮುಚ್ಚಿರುತ್ತದಲ್ಲ, ಚಕ್ಕನೆ ತೆರೆದುಕೊಳ್ಳುತ್ತದೆ.

ಸಹಿ ಇಲ್ಲದೆ ಮೇಲ್ ಹೊರಗೆ ಹೋಗಲು ಬಿಟ್ಟವನು ನಾನೇ. ಹಿಂದೊಮ್ಮೆ ಮಿಲ್ಟರ್ (ಓಪನ್‌ಡಿಕೆಐಎಂನಂತೆ ಪೋಸ್ಟ್‌ಫಿಕ್ಸ್‌ಗೆ ಜೋಡಿಸಿದ ಮೇಲ್ ಫಿಲ್ಟರ್) ತೊಂದರೆಯಿಂದ ಮೇಲ್ ನಿಂತು ಎಲ್ಲರೂ ಬೈದಿದ್ದರು ಅಂತ ಪೋಸ್ಟ್‌ಫಿಕ್ಸ್‌ನ ಮಿಲ್ಟರ್_ಡಿಫಾಲ್ಟ್_ಆಕ್ಷನ್ ಅನ್ನು ‘ಆಕ್ಸೆಪ್ಟ್’ (ಮಿಲ್ಟರ್ ಸಿಗದಿದ್ದರೂ ಮೇಲ್ ಬಿಡು) ಮಾಡಿ ಮರೆತಿದ್ದೆ. ಡಿಫಾಲ್ಟ್ ಆಗಿದ್ದ ‘ಟೆಂಪ್‌ಫೇಲ್’ ಇದ್ದಿದ್ದರೆ ‘ಆಮೇಲೆ ಬಾ’ ಅನ್ನುವ 451 ಉತ್ತರ ಹೋಗುತ್ತಿತ್ತು, ಬೆಳಿಗ್ಗೆ ಮೊದಲು ಕೂತವರೇ ಕೂಗುತ್ತಿದ್ದರು.

ಸರಿ, ಕ್ರಮ ಹಾಕೋಣ ಅಂತ ಕೂತೆ. ಮರಿಯಾಡಿಬಿ ಎದ್ದ ಮೇಲೆ ಓಪನ್‌ಡಿಕೆಐಎಂ ಮತ್ತು ಡವ್‌ಕಾಟ್, ಎಲ್ಲರೂ ಎದ್ದ ಮೇಲೆ ಪೋಸ್ಟ್‌ಫಿಕ್ಸ್. ‘ಸಿಸ್ಟಂಸಿಟಿಎಲ್ ಎಡಿಟ್’ ಕೊಟ್ಟು ಒಂದೊಂದರ ಯುನಿಟ್‌ಗೂ (ಸಿಸ್ಟಂಡಿ ಓದುವ ಸೂಚನೆ ಫೈಲ್) ಓವರ್‌ರೈಡ್ ಆಗಿ ‘ಆಫ್ಟರ್=’ ಸಾಲು ಸೇರಿಸಿದೆ. ಆಫ್ಟರ್ ಹೇಳುವುದು ಸರದಿ ಮಾತ್ರ, ಇನ್ನೊಂದನ್ನು ಕರೆತರುವುದಿಲ್ಲ. ಕರೆತರಲು ‘ವಾಂಟ್ಸ್=’ ಬೇಕು. ವಾಂಟ್ಸ್ ಒಂದೇ ಹಾಕಿದರೆ ಇಬ್ಬರೂ ಒಟ್ಟಿಗೇ ಹೊರಡುತ್ತಾರೆ. ಎರಡೂ ಬೇಕು. ಮೊದಲು ‘ರಿಕ್ವೈರ್ಸ್=’ ಹಾಕಿದ್ದೆ. ಅದು ಬಿಗಿ ಜಾಸ್ತಿ: ಅಪ್‌ಡೇಟ್ ಬಂದು ಕ್ಲಾಮ್‌ಎವಿ ರೀಸ್ಟಾರ್ಟ್ ಆದರೆ ಪೋಸ್ಟ್‌ಫಿಕ್ಸ್ ಅನ್ನೂ ಎಳೆದುಕೊಂಡು ಬೀಳುತ್ತದೆ. ತೆಗೆದೆ.

ಅಸಲಿ ಸರ್ವರ್ ಮುಟ್ಟದೆ, ಅದರ ನಕಲನ್ನು ಒಂದು ವರ್ಚುವಲ್ ಮಷೀನ್‌ನಲ್ಲಿಟ್ಟು, ಡೇಟಾಬೇಸ್‌ಗೆ ಬರೆಯುತ್ತಿರುವಾಗಲೇ ‘ಫೋರ್ಸ್ ಆಫ್’ ಒತ್ತಿದೆ. ಎದ್ದ ಮೇಲೆ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ನಲ್ಲಿ ಶಾರ್ಟ್-ಮೊನೊಟಾನಿಕ್ ನಮೂನೆ ಕೇಳಿದೆ. ಗಡಿಯಾರದ ಬದಲು ಬೂಟ್ ಆಗಿ ಎಷ್ಟು ಸೆಕೆಂಡ್ ಅಂತ ತೋರಿಸುತ್ತದೆ, ಸರದಿ ನೋಡಲು ಅದೇ ಸಲೀಸು. ಓಪನ್‌ಡಿಕೆಐಎಂ ಮರ್ಯಾದೆಯಿಂದ ಕಾದಿತ್ತು. ಪೋಸ್ಟ್‌ಫಿಕ್ಸ್ ಮಾತ್ರ ಯಾರಿಗೂ ಕಾಯದೆ ಮುಂಚೆಯೇ ಎದ್ದಿತ್ತು!

ಒಂದು ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ‘ಸಿಸ್ಟಂಸಿಟಿಎಲ್ ಕ್ಯಾಟ್ ಪೋಸ್ಟ್‌ಫಿಕ್ಸ್’ ಕೊಟ್ಟಾಗ ಕಣ್ಣಿಗೆ ಬಿದ್ದದ್ದು ಈ ಸಾಲು: ಎಕ್ಸೆಕ್‌ಸ್ಟಾರ್ಟ್=/ಬಿನ್/ಟ್ರೂ. ಅಂದರೆ ಏನೂ ಮಾಡಬೇಡ, ಆಯಿತು ಅನ್ನು. ನಾನು ಇಷ್ಟು ಹೊತ್ತು ಬುದ್ಧಿ ಹೇಳುತ್ತಿದ್ದದ್ದು ಬೆರ್ಚಪ್ಪನಿಗೆ. ಡೆಬಿಯನ್ 12ರಲ್ಲಿ ಕೆಲಸ ಮಾಡುವ ಯುನಿಟ್ ಬೇರೆ. ಅದರ ಹೆಸರಲ್ಲಿ ಪೋಸ್ಟ್‌ಫಿಕ್ಸ್ ಆದ ಮೇಲೆ @ ಚಿಹ್ನೆ, ಅದರ ಪಕ್ಕ ಒಂದು ಅಡ್ಡಗೆರೆ, ಆಮೇಲೆ .ಸರ್ವಿಸ್. ಅದು ಬೆರ್ಚಪ್ಪನಿಗಿಂತ ಮೊದಲೇ ಏಳುತ್ತದೆ, ಹಾಗಾಗಿ ನನ್ನ ಆಫ್ಟರ್ ಸಾಲು ಅದಕ್ಕೆ ತಾಗಿರಲೇ ಇಲ್ಲ. ಓವರ್‌ರೈಡ್ ಅನ್ನು ಆ ಹೆಸರಿಗೆ ಬರೆದ ಮೇಲೆ ಮಾತು ಕೇಳಿತು.

ಉಳಿದದ್ದು ಕ್ಲಾಮ್‌ಎವಿ. ಮರಿಯಾಡಿಬಿ ಒಳ್ಳೆಯ ಹುಡುಗ, ‘ಟೈಪ್=ನೋಟಿಫೈ’. ಕೆಲಸಕ್ಕೆ ತಯಾರಾದ ಮೇಲೆ ತಾನೇ ಸಿಸ್ಟಂಡಿಗೆ ಹೇಳುತ್ತದೆ. ಕ್ಲಾಮ್‌ಎವಿಯ ಹಿನ್ನೆಲೆ ಪ್ರೋಗ್ರಾಂ ಕ್ಲಾಮ್‌ಡಿಗೆ ಆ ಅಭ್ಯಾಸ ಇಲ್ಲ. ಪ್ರೋಗ್ರಾಂ ಹೊರಟಿತೆಂದರೆ ಸಿಸ್ಟಂಡಿ ಪಾಲಿಗೆ ಅದು ಎದ್ದಂತೆಯೇ. ಆದರೆ ವೈರಸ್ ಗುರುತುಗಳನ್ನೆಲ್ಲ 1 ಜಿಬಿಗೂ ಮೀರಿ ಮೆಮೊರಿಗೆ ತುಂಬಿಕೊಳ್ಳಲು ನಮ್ಮ ಹಳೇ ಡಿಸ್ಕಿನಲ್ಲಿ 70 ಸೆಕೆಂಡ್ ಬೇಕು. ಬೇರೆ ಪ್ರೋಗ್ರಾಂಗಳು ಕ್ಲಾಮ್‌ಡಿಯನ್ನು ಮಾತಾಡಿಸುವ ಸಾಕೆಟ್ ಫೈಲ್ ಬಂತಾ ಅಂತ ನೋಡಿ ಕಾಯಿಸೋಣ ಅಂದರೆ ಅದೂ ನಡೆಯದು. ಆ ಸಾಕೆಟ್ ತೆರೆಯುವುದು ಸಿಸ್ಟಂಡಿಯೇ, ಕ್ಲಾಮ್‌ಡಿಗಿಂತ ಮುಂಚೆ. ಬಾಗಿಲು ತೆರೆದಿದೆ, ಮನೆಯಲ್ಲಿ ಯಾರೂ ಇಲ್ಲ. ಅದಕ್ಕೆ ಕ್ಲಾಮ್‌ಎವಿಯ ಓವರ್‌ರೈಡ್‌ನಲ್ಲಿ ‘ಎಕ್ಸೆಕ್‌ಸ್ಟಾರ್ಟ್‌ಪೋಸ್ಟ್=’ ಎದುರು ಕ್ಲಾಮ್‌ಡಿಸ್ಕ್ಯಾನ್ --ಪಿಂಗ್ 60:2 ಹಾಕಿದೆ. ಎರಡೆರಡು ಸೆಕೆಂಡಿಗೆ ಒಮ್ಮೆಯಂತೆ 60 ಸಲ ಕೂಗಿ ನೋಡುತ್ತದೆ, ಓ ಅನ್ನುವವರೆಗೆ ಯುನಿಟ್ ‘ಎದ್ದಿದೆ’ ಅನ್ನಿಸಿಕೊಳ್ಳುವುದಿಲ್ಲ. ಸಿಸ್ಟಂಡಿ ಅಷ್ಟು ಹೊತ್ತು ತಾಳ್ಮೆಯಿಂದ ಕಾಯಲಿ ಅಂತ ‘ಟೈಮ್‌ಔಟ್‌ಸ್ಟಾರ್ಟ್‌ಸೆಕ್=180’ ಕೂಡ ಸೇರಿಸಿದೆ.

ನಿಲ್ಲಿಸುವಾಗ ಈ ಸರದಿ ತಾನಾಗಿ ತಿರುವುಮುರುವಾಗುತ್ತದೆ. ಪೋಸ್ಟ್‌ಫಿಕ್ಸ್ ಮೊದಲು ಮಲಗುತ್ತದೆ, ಡೇಟಾಬೇಸ್ ಕೊನೆಗೆ. ಅದಕ್ಕೆ ನಾನೇನೂ ಬರೆಯಬೇಕಾಗಲಿಲ್ಲ.

ಮಿಲ್ಟರ್_ಡಿಫಾಲ್ಟ್_ಆಕ್ಷನ್ ಮತ್ತೆ ಟೆಂಪ್‌ಫೇಲ್ ಆಗಿದೆ. ಈಗ ಕರೆಂಟ್ ಹೋಗಿ ಬಂದರೆ ಪೋಸ್ಟ್‌ಫಿಕ್ಸ್ ಏಳಲು ಹತ್ತಿರ ಹತ್ತಿರ ಎರಡು ನಿಮಿಷ. ಅಷ್ಟರಲ್ಲಿ ಹೊರಗಿನಿಂದ ಬಂದ ಸರ್ವರ್‌ಗಳು ಆಮೇಲೆ ತಾವಾಗಿಯೇ ಮತ್ತೆ ಬರುತ್ತವೆ, ಮೇಲ್ ಕಳೆಯುವುದಿಲ್ಲ. ಅಕೌಂಟ್ಸ್‌ನವರು ಮಾತ್ರ ಮೊದಲ ನಿಮಿಷಕ್ಕೇ ಫೋನ್ ಮಾಡುತ್ತಾರೆ.