ಇನ್ಶೂರೆನ್ಸ್ ಕಾರ್ಡ್ ತೋರಿಸುವ ಮುಂಚೆ ದರ ಕೇಳಿ

ಅಮ್ಮನ ಕಣ್ಣಿನ ಪೊರೆ ಆಪರೇಷನ್‌ಗೆಂದು ಹೋದಾಗ ಕೌಂಟರಿನಲ್ಲಿ ಮೊದಲು ಕೇಳಿದ್ದು, 'ಕ್ಯಾಶಾ, ಇನ್ಶೂರೆನ್ಸಾ?' ಯಾವ ಕಣ್ಣು ಅಂತ ಕೇಳಿದ್ದು ಆಮೇಲೆ. ಎರಡಕ್ಕೂ ಬೇರೆ ಬೇರೆ ದರ. ಇನ್ಶೂರೆನ್ಸ್‌ನದ್ದೇ ಜಾಸ್ತಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಜಾತ್ರೆಯ ಖರ್ಚು ಮುಂದೆ ಪ್ರೀಮಿಯಂ ಏರಿಕೆಯಾಗಿ ನಮ್ಮ ಮನೆಗೇ ಬರುತ್ತದೆ, ಅಷ್ಟೇ.

ಹಾಗಾಗಿ ಕಾರ್ಡ್ ಜೇಬಿನಲ್ಲೇ ಇರಲಿ. 'ನಾವೇ ಕಟ್ಟಿದರೆ ಎಷ್ಟಾಗುತ್ತೆ?' ಅಂತ ಮೊದಲು ಕೇಳಿ, ಅಂದಾಜು ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ.

ಆಮೇಲೆ ರೂಮು. ಜನ ಜಾಸ್ತಿ ಕೈಸುಟ್ಟುಕೊಳ್ಳುವುದು ಇಲ್ಲೇ. ನಿಮ್ಮ ಪಾಲಿಸಿ 3 ಲಕ್ಷದ್ದು, ರೂಮ್ ಬಾಡಿಗೆಗೆ ದಿನಕ್ಕೆ ಶೇ 1ರ ಮಿತಿ ಇದೆ ಅಂದುಕೊಳ್ಳಿ. ಅಂದರೆ 3,000 ರೂಪಾಯಿ. 'ಹೇಗೂ ಇನ್ಶೂರೆನ್ಸ್ ಇದೆಯಲ್ಲ' ಅಂತ 6,000ದ ರೂಮು ಹಿಡಿದಿರಿ. ದಿನಕ್ಕೆ 3,000 ತಾನೇ, ಕೊಟ್ಟರಾಯಿತು ಅನ್ನಿಸುತ್ತದೆ ಅಲ್ವಾ? ಊಹೂಂ. ರೂಮಿನ ದರ್ಜೆ ಏರಿದಂತೆ ಡಾಕ್ಟರ್ ಫೀಸು, ಥಿಯೇಟರ್ ಬಾಡಿಗೆ ಕೂಡ ಏರುವ ಆಸ್ಪತ್ರೆಗಳಲ್ಲಿ ಕಂಪನಿ ಅವುಗಳಲ್ಲೂ ಅರ್ಧ ಕತ್ತರಿಸಬಹುದು, ನಿಮ್ಮ ಮಿತಿ ಆ ಬಾಡಿಗೆಯ ಅರ್ಧವಷ್ಟೇ ತಾನೇ. ಆ ಲೆಕ್ಕ 80,000 ಇದ್ದರೆ 40,000 ನಿಮ್ಮ ಜೇಬಿನಿಂದ. ಔಷಧಿ, ಲ್ಯಾಬ್ ಟೆಸ್ಟ್, ಇಂಪ್ಲಾಂಟ್‌ಗಳಿಗೆ ಈ ಕತ್ತರಿ ಇಲ್ಲ. ಪಾಲಿಸಿಯಲ್ಲಿ 'ರೂಮ್ ರೆಂಟ್' ಅಂತಿರುವ ಸಾಲನ್ನು ಇವತ್ತೇ ಓದಿಡಿ. ಆಸ್ಪತ್ರೆ ಬಾಗಿಲಲ್ಲಿ ನಿಂತು ಓದುವ ಸಾಲಲ್ಲ ಅದು.

ಡಿಸ್ಚಾರ್ಜ್ ದಿನ ಒಟ್ಟು ಮೊತ್ತ ನೋಡಿ ಸಹಿ ಹಾಕಬೇಡಿ. ಐಟಂವಾರು ಬಿಲ್ ಕೇಳಿ. ಎಷ್ಟು ಗ್ಲೌಸ್, ಎಷ್ಟು ಸಿರಿಂಜ್, ಬಾರದ ಡಾಕ್ಟರ ವಿಸಿಟ್ ಎಷ್ಟು, ಎಲ್ಲ ಅದರಲ್ಲಿ ಸಿಗುತ್ತದೆ. ಹೃದಯದ ಸ್ಟೆಂಟ್ ಹಾಕಿದ್ದರೆ ಅದರ ಪ್ಯಾಕಿನ ಸ್ಟಿಕ್ಕರ್ ಕೇಳಿ, ಬಿಲ್ಲಿನ ಜೊತೆ ತಾಳೆ ನೋಡಿ. 2017ರಿಂದ ಸ್ಟೆಂಟಿಗೆ ಸರ್ಕಾರ ಗರಿಷ್ಠ ಬೆಲೆ ಕಟ್ಟಿದೆ. ಕ್ಯಾಶ್‌ಲೆಸ್ ಆದರೆ, ಅಂದರೆ ಬಿಲ್ಲನ್ನು ಇನ್ಶೂರೆನ್ಸ್ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದಾದರೆ, ಆಸ್ಪತ್ರೆ ಡಿಸ್ಚಾರ್ಜ್ ಕೋರಿಕೆ ಕಳಿಸಿದ 3 ಗಂಟೆಗಳೊಳಗೆ ಕಂಪನಿ ಕೊನೆಯ ಒಪ್ಪಿಗೆ ಕೊಡಬೇಕು ಅನ್ನುವುದು 2024ರ ನಿಯಮ. ಸುಮ್ನೆ ಕಾಯುತ್ತಾ ಕೂರಬೇಡಿ.

ಕಾಲೇಜು ಫೀಸಿಗೂ ಇದೇ ಕಥೆ. ಶಿಕ್ಷಣ ಸಾಲವನ್ನು ಬ್ಯಾಂಕು ನೇರ ಕಾಲೇಜಿಗೇ ಕಟ್ಟುವುದರಿಂದ ದುಡ್ಡು ನಮ್ಮ ಕೈ ಮುಟ್ಟುವುದೇ ಇಲ್ಲ, ಬಿಸಿಯೂ ತಟ್ಟುವುದಿಲ್ಲ. ಸೀಟು ಹಿಡಿಯುವ ಮುಂಚೆ ಒಂದು ಹಾಳೆ ತಗೊಂಡು ಲೆಕ್ಕ ಹಾಕಿ: ವರ್ಷಕ್ಕೆ 1.25 ಲಕ್ಷದಂತೆ 4 ವರ್ಷ, ಶೇ 10 ಸರಳ ಬಡ್ಡಿ. ಓದು ಮುಗಿದು ಒಂದು ವರ್ಷಕ್ಕೆ ಕಂತು ಶುರುವಾಗುವ ಹೊತ್ತಿಗೆ 5 ಲಕ್ಷದ ಸಾಲ 6.75 ಲಕ್ಷ ಆಗಿರುತ್ತದೆ. ಮೊದಲ ವರ್ಷ ತಿಂಗಳ ಬಡ್ಡಿ ಸಾವಿರ ಚಿಲ್ಲರೆ. ಅದನ್ನು ಓದುವಾಗಲೇ ಕಟ್ಟುತ್ತಾ ಬನ್ನಿ.