ಬಾಕ್ಸ್ ಸ್ಕೋರ್ ಓದುವ ಬಗೆ: ಬೇ ಏರಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಬೇ ಏರಿಯಾಕ್ಕೆ ಬಂದ ಮೊದಲ ವರ್ಷ, ಆಫೀಸಿನ ಊಟದ ಮೇಜಿನಲ್ಲಿ ಬೇಸ್‌ಬಾಲ್ ಮಾತು ಎದ್ದಾಗಲೆಲ್ಲ ನಮ್ಮವರು ತಲೆ ತಗ್ಗಿಸಿ ಊಟ ಮುಂದುವರಿಸುತ್ತಾರೆ. ನಾನೂ ಹಾಗೆಯೇ ಇದ್ದೆ. ಮೊದಲು ನಿಯಮಗಳನ್ನೆಲ್ಲ ಕಲಿತು ಆಮೇಲೆ ಫಲಿತಾಂಶ ಓದುತ್ತೇನೆಂದು ಕೂತರೆ ಅದು ಮುಗಿಯುವ ಕೆಲಸವಲ್ಲ. ಕ್ರಿಕೆಟ್ ಸ್ಕೋರ್‌ಕಾರ್ಡ್ ಓದಿ ಬೆಳೆದವರು ನೇರವಾಗಿ ಬಾಕ್ಸ್ ಸ್ಕೋರಿನಿಂದಲೇ, ಅಂದರೆ ಒಂದು ಪಂದ್ಯದ ಅಂಕಿಅಂಶಗಳ ಪಟ್ಟಿಯಿಂದಲೇ, ಶುರುಮಾಡಬಹುದು, ಎಡವುವ ಜಾಗಗಳು ಕೆಲವೇ ಇವೆ.

ನಮ್ಮ ಊರಿನವರು ಇಂದಿಗೂ ಮರೆಯದ ಪಂದ್ಯವನ್ನೇ ತೆಗೆದುಕೊಳ್ಳೋಣ. 2014ರ ಅಕ್ಟೋಬರ್ 29ರಂದು ಕಾನ್ಸಾಸ್ ಸಿಟಿಯ ಕಾಫ್‌ಮನ್ ಸ್ಟೇಡಿಯಂನಲ್ಲಿ ನಡೆದ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್ ಲೀಗಿನ ಅಂತಿಮ ಸರಣಿ) ಏಳನೆಯ, ನಿರ್ಣಾಯಕ ಪಂದ್ಯ ಅದು. ಮೇಲಿನ ಸಾಲಿನಲ್ಲಿ ಅತಿಥಿ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್: 3, 8, 1. ಕೆಳಗಿನ ಸಾಲಿನಲ್ಲಿ ಆತಿಥೇಯ ರಾಯಲ್ಸ್: 2, 6, 0. ಈ ಮೂರು ಅಂಕಿಗಳು ಕ್ರಮವಾಗಿ ರನ್, ಹಿಟ್ (ಚೆಂಡು ಹೊಡೆದು ಬೇಸ್, ಅಂದರೆ ರನ್‌ಗಾಗಿ ಸುತ್ತಬೇಕಾದ ನಾಲ್ಕು ನಿಲುಗಡೆಗಳಲ್ಲೊಂದನ್ನು, ಮುಟ್ಟಿದ್ದು) ಮತ್ತು ಎರರ್ (ಫೀಲ್ಡಿಂಗ್ ತಪ್ಪು). ಇಂಥದೇ ಒಂದು ಸಾಲಿನಲ್ಲಿ ಹಿಟ್‌ಗಳನ್ನು ರನ್ ಎಂದು ಓದಿಕೊಂಡು, ಸೋತ ತಂಡದ ಅಭಿಮಾನಿಯ ಕೈ ಕುಲುಕಿ ಅಭಿನಂದಿಸಿದವನು ನಾನು. ಇಲ್ಲಿ ಗೆಲುವು 3–2, ಅಷ್ಟೇ.

ಎರಡನೆಯ ಎಡವು ಪಿಚರ್‌ಗಳ, ಅಂದರೆ ಚೆಂಡು ಎಸೆಯುವವರ, ಪಟ್ಟಿಯಲ್ಲಿದೆ. ಜಯಂಟ್ಸ್ ಪರ ಆರಂಭಿಸಿದ ಟಿಮ್ ಹಡ್ಸನ್ ಎದುರು 1.2 ಇನ್ನಿಂಗ್ಸ್ ಎಂದಿದೆ. ಕ್ರಿಕೆಟ್‌ನಲ್ಲಿ 4.3 ಓವರ್ ಎಂದರೆ ನಾಲ್ಕೂವರೆ ಓವರ್ ಎಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ, ಇಲ್ಲಿಯೂ ಚುಕ್ಕೆ ದಶಮಾಂಶದ್ದಲ್ಲ. ಒಂದು ಇನ್ನಿಂಗ್ಸ್ (ಮೂರು ಔಟ್) ಮತ್ತು ಎರಡು ಔಟ್, ಅಂದರೆ ಒಟ್ಟು ಐದು ಔಟ್. ಆತನ ನಂತರ ಬಂದ ಜೆರೆಮಿ ಆಫೆಲ್ಟ್‌ಗೆ 2.1, ಅಂದರೆ ಏಳು ಔಟ್. ಉಳಿದ ಐದು ಇನ್ನಿಂಗ್ಸ್, ಹದಿನೈದು ಔಟ್, ಮ್ಯಾಡಿಸನ್ ಬಮ್‌ಗಾರ್ನರ್ ಒಬ್ಬನದೇ. ಕೂಡಿಸಿದರೆ 27, ಒಂಬತ್ತು ಇನ್ನಿಂಗ್ಸ್‌ಗೆ ಬೇಕಾದಷ್ಟು. ಲೆಕ್ಕ ತಾಳೆಯಾದಾಗ ಸಿಗುವ ಸಣ್ಣ ಖುಷಿಯೇ ನನಗೆ ಈ ಆಟದ ರುಚಿ ಹಚ್ಚಿದ್ದು.

ಬ್ಯಾಟರ್‌ಗಳ ಪಟ್ಟಿಯಲ್ಲಿ ಜಯಂಟ್ಸ್‌ನ ಪಾಬ್ಲೊ ಸಾಂಡೊವಲ್‌ಗೆ ಮೂರಕ್ಕೆ ಮೂರು ಹಿಟ್ ಎಂದಿದ್ದರೂ ಆತ ಅದಕ್ಕಿಂತ ಹೆಚ್ಚು ಬಾರಿ ಬ್ಯಾಟ್ ಹಿಡಿದಿದ್ದ. ಚೆಂಡು ಮೈಗೆ ತಗುಲಿ ಬೇಸ್ ಸಿಕ್ಕಿದ ಸರದಿ ಆ ಲೆಕ್ಕಕ್ಕೆ ಸೇರುವುದಿಲ್ಲ. ಔಟಾದರೂ ರನ್ ತಂದುಕೊಡುವ ಸ್ಯಾಕ್ರಿಫೈಸ್ ಫ್ಲೈ ಕೂಡ ಸೇರುವುದಿಲ್ಲ. ಜಯಂಟ್ಸ್‌ನ ಮೊದಲೆರಡು ರನ್ ಬಂದದ್ದು ಹಾಗೆಯೇ.

ಇನ್ನು ನಮಗೆ ತೀರಾ ವಿಚಿತ್ರವೆನಿಸುವ ಸಂಗತಿ: ಇಲ್ಲಿ ಗೆಲುವು ತಂಡದ ಜೊತೆಗೆ ಒಬ್ಬ ಪಿಚರ್‌ನ ಹೆಸರಿಗೂ ಬೀಳುತ್ತದೆ. ನಾಲ್ಕನೆಯ ಇನ್ನಿಂಗ್ಸ್‌ನಲ್ಲಿ ತಂಡ ಕೊನೆಯವರೆಗೂ ಉಳಿದ ಮುನ್ನಡೆ ಪಡೆದಾಗ ಪಿಚರ್ ಆಗಿದ್ದವನು ಆಫೆಲ್ಟ್, ಆದ್ದರಿಂದ ಗೆಲುವು ಆತನದು. ಮೊದಲು ಬಮ್‌ಗಾರ್ನರ್‌ಗೆ ಕೊಟ್ಟು ಆಮೇಲೆ ತಿದ್ದಿದರು. ಬಮ್‌ಗಾರ್ನರ್‌ಗೆ ಉಳಿದದ್ದು ಸೇವ್, ಅಂದರೆ ಮುನ್ನಡೆಯನ್ನು ಕೊನೆಯವರೆಗೆ ಕಾಪಾಡಿದ ಶ್ರೇಯ. ಮೂರು ದಿನ ಹಿಂದೆಯಷ್ಟೇ ಪೂರ್ತಿ ಒಂಬತ್ತು ಇನ್ನಿಂಗ್ಸ್ ಎಸೆದಿದ್ದವನು 68 ಎಸೆತಗಳಲ್ಲಿ ಎರಡೇ ಹಿಟ್ ಕೊಟ್ಟ. ಇಡೀ ಸರಣಿಯಲ್ಲಿ 21 ಇನ್ನಿಂಗ್ಸ್‌ಗೆ ಒಂದೇ ರನ್. ಒಂಬತ್ತರಿಂದ ಗುಣಿಸಿ 21ರಿಂದ ಭಾಗಿಸಿದರೆ 0.43 ಎಂಬ ಈಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಡುವ ರನ್‌ಗಳ ಸರಾಸರಿ) ಬರುತ್ತದೆ. ನಮ್ಮ ಬೌಲಿಂಗ್ ಸರಾಸರಿಯಂತೆ ಇದೂ ಕಡಿಮೆಯಾದಷ್ಟೂ ಒಳ್ಳೆಯದು.

ಕೊನೆಗೆ, ಜಯಂಟ್ಸ್ ಸಾಲಿನ ಅಂಚಿನಲ್ಲಿರುವ ಆ 1, ಅಂದರೆ ಎರರ್. ಒಂಬತ್ತನೆಯ ಇನ್ನಿಂಗ್ಸ್, ಇಬ್ಬರು ಔಟಾಗಿದ್ದರು. ರಾಯಲ್ಸ್‌ನ ಅಲೆಕ್ಸ್ ಗಾರ್ಡನ್ ಹೊಡೆದ ಚೆಂಡು ಜಯಂಟ್ಸ್ ಫೀಲ್ಡರ್ ಗ್ರೆಗರ್ ಬ್ಲಾಂಕೊನ ಕೈ ತಪ್ಪಿಸಿಕೊಂಡು ಗೋಡೆಯವರೆಗೆ ಉರುಳಿತು, ಅಲ್ಲಿ ಇನ್ನೊಬ್ಬ ಫೀಲ್ಡರ್ ಕೂಡ ತಡವರಿಸಿದ, ಅಷ್ಟರಲ್ಲಿ ಗಾರ್ಡನ್ ಮೂರನೆಯ ಬೇಸ್ ಮುಟ್ಟಿ ನಿಂತ. ಮುಂದಿನ ಬ್ಯಾಟರ್ ಸಾಲ್ವಡಾರ್ ಪೆರೆಜ್ ಮೇಲಕ್ಕೆ ಹೊಡೆದ ಫೌಲ್ ಚೆಂಡನ್ನು ಸಾಂಡೊವಲ್ ಹಿಡಿದು ನೆಲಕ್ಕೆ ಬಿದ್ದ. ಸಮಬಲದ ರನ್ ಕೊನೆಯ ಬೇಸ್‌ನಿಂದ 90 ಅಡಿ ದೂರದಲ್ಲೇ ಉಳಿದದ್ದರಿಂದ ರಾಯಲ್ಸ್ ಸಾಲಿನ 2 ಬದಲಾಗಲೇ ಇಲ್ಲ.